ಬೆಟ್ಟಕ್ಕೆ ಹೋಗಿ ಬಂದ ಹುಡುಗ ಮತ್ತು ಬಾಸೆಲಿನಿಂದ ಬಂದವರು

ಮೊನ್ನೆ ಬ್ಯಾಡಗಿಗೆ ಹೋಗಿದ್ದೆ. ಮೆಣಸಿನಕಾಯಿ ಸೀಸನ್ನು ಬೇರೆ. ಬಸ್ಸಿನಿಂದ ಇಳಿಯುವ ಮೊದಲೇ ಗಾಟಿಗೆ ಸೀನು ಶುರುವಾಯಿತು. ಅಲ್ಲಿ ಒಂದು ದಲಾಲಿ ಅಂಗಡಿಯಲ್ಲಿ ಲೆಕ್ಕ ಬರೆಯುವ ನನ್ನ ಹಳೆಯ ಗೆಳೆಯನೊಬ್ಬನಿದ್ದಾನೆ. ಮನೆ ರಾಣೆಬೆನ್ನೂರಿನಲ್ಲಿ, ದಿನಾ ಓಡಾಟ. ಅಜ್ಜನ ಕಾಲದಿಂದ ಕ್ರೈಸ್ತ ಮನೆತನ. ಚಹಾ ತರಿಸಿದವನೇ ಶುರು ಮಾಡಿದ:

"ನೀ ಸ್ವಲ್ಪ ನನ್ನ ಮಗಗ ಬುದ್ಧಿ ಹೇಳಪಾ. ನೀ ಹೇಳಿದ್ರ ಕೇಳತಾನ."

ವಿಷಯ ಇಷ್ಟು. ಮಗನಿಗೆ ಇಪ್ಪತ್ತೆರಡು ವರ್ಷ. ಹೋದ ವರ್ಷ ಚರ್ಚಿನ ಹುಡುಗರ ಜೊತೆ ನೇಪಾಳದ ಒಂದು ಬೆಟ್ಟದ ಹಳ್ಳಿಗೆ ಎರಡು ವಾರ ಸೇವೆಗೆಂದು ಹೋಗಿ ಬಂದಿದ್ದ. ಶಾಲೆಗೆ ಬಣ್ಣ ಬಳಿದರಂತೆ, ಕುಸಿದ ಗೋಡೆಗೆ ಕಲ್ಲು ಹೊತ್ತರಂತೆ, ಮಕ್ಕಳಿಗೆ ಹಾಡು ಹೇಳಿಕೊಟ್ಟರಂತೆ. ಮತದ ಮಾತು ಎತ್ತಲಿಲ್ಲವಂತೆ. ಎತ್ತುವ ಹಾಗೂ ಇರಲಿಲ್ಲ, ಯಾಕೆಂದರೆ ನೇಪಾಳದ 2015ರ ಸಂವಿಧಾನವೇ ಮತಾಂತರ ಮಾಡಿಸುವುದನ್ನು ನಿಷೇಧಿಸಿದೆ. ಈಗ ಹುಡುಗ, ಇದ್ದ ಕೆಲಸ ಬಿಟ್ಟು ಒಂದು ವರ್ಷ ಅಲ್ಲೇ ಹೋಗಿ ಇರುತ್ತೇನೆ ಎಂದು ಹಟ ಹಿಡಿದಿದ್ದಾನೆ. ಗೆಳೆಯ ಲೆಕ್ಕದ ಮನುಷ್ಯ. "ಹದಿನೈದು ದಿನಕ್ಕ ಅಷ್ಟು ರೊಕ್ಕ ಹೋತು. ಲಾಭ ಏನು, ಲುಕ್ಸಾನು ಏನು, ನೀನ ಹೇಳು" ಅಂದ.

ಸಂಜೆ ರಾಣೆಬೆನ್ನೂರಿನಲ್ಲಿ ಹುಡುಗ ಸಿಕ್ಕ. ಮೊಬೈಲಿನಲ್ಲಿ ಫೋಟೋ ತೋರಿಸಿದ. ಮೋಡದೊಳಗೆ ಮುಳುಗಿದ ಮನೆಗಳು, ಮೆಟ್ಟಿಲು ಮೆಟ್ಟಿಲಾದ ಹೊಲಗಳು, ಕೆಂಪು ಕೆನ್ನೆಯ ಮಕ್ಕಳು. ನಾನು ಬುದ್ಧಿ ಹೇಳುವ ಮೊದಲೇ ಅವನೇ ಅಂದ, "ಕಾಕಾ, ಅಲ್ಲೆ ಹೋಗಿ ನಾವು ಏನ್ ಮಾಡಿದ್ವಿ ಅನ್ನೋದು ನನಗೂ ತಿಳಿದಿಲ್ರಿ. ಅದಕ್ಕ ಮತ್ತ ಹೋಗಬೇಕು ಅನಿಸೈತಿ."

ಈ ಮಾತಿಗೆ ಥಟ್ಟನೆ ಉತ್ತರ ಹೊಳೆಯಲಿಲ್ಲ. ಹಾವೇರಿಗೆ ವಾಪಸ್ ಬರುವಾಗ ಬಸ್ಸಿನಲ್ಲಿ ನೆನಪಾದದ್ದು, ಇದೇ ವಯಸ್ಸಿನಲ್ಲಿ ಇದೇ ಕೆಲಸಕ್ಕೆ ದೂರ ದೇಶದಿಂದ ನಮ್ಮ ಕಡೆಗೆ ಬಂದ ಹುಡುಗರು. ಅವರ ಲೆಕ್ಕವನ್ನು ಒಮ್ಮೆ ತೆಗೆದು ನೋಡೋಣ ಅನಿಸಿತು.

ಸ್ವಿಟ್ಜರ್‌ಲ್ಯಾಂಡಿನ ಬಾಸೆಲ್ ಊರಿನಲ್ಲಿ ಬಾಸೆಲ್ ಮಿಷನ್ ಶುರುವಾದದ್ದು 1815ರಲ್ಲಿ. 1833ರ ಚಾರ್ಟರ್ ಕಾಯಿದೆಯ ನಂತರ ಬ್ರಿಟಿಷರಲ್ಲದ ಮಿಷನರಿಗಳಿಗೂ ಕಂಪನಿಯ ಸೀಮೆಯೊಳಗೆ ದಾರಿ ತೆರೆಯಿತು. 1834ರಲ್ಲಿ ಹೆಬಿಕ್, ಲೇನರ್, ಗ್ರೈನರ್ ಎಂಬ ಮೂವರು ಮಂಗಳೂರಿಗೆ ಬಂದರು. ಮೂರೇ ವರ್ಷದಲ್ಲಿ, 1837ಕ್ಕೆ, ಧಾರವಾಡದಲ್ಲೂ ಕೇಂದ್ರವಾಯಿತು. ಆಮೇಲೆ ಹುಬ್ಬಳ್ಳಿ, ಬೆಟಗೇರಿ. ಹಾವೇರಿ ಬೇರೆ ಜಿಲ್ಲೆಯಾದದ್ದು 1997ರಲ್ಲಿ, ಅಲ್ಲಿಯವರೆಗೂ ನಾವು ಧಾರವಾಡ ಜಿಲ್ಲೆಯವರೇ ಅಲ್ಲವೇ. ಹಾಗಾಗಿ ಇದು ನಮ್ಮ ಮನೆಯ ಕತೆಯೂ ಹೌದು.

ಹರ್ಮನ್ ಮೋಗ್ಲಿಂಗ್ 1836ರಲ್ಲಿ ಬಂದಾಗ ಅವನಿಗೆ ಇಪ್ಪತ್ತೈದು ವರ್ಷ. ಟ್ಯೂಬಿಂಗನ್ನಿನಲ್ಲಿ ದೇವಶಾಸ್ತ್ರ ಓದಿದವನು. ಕನ್ನಡದ ಮೊದಲ ಪತ್ರಿಕೆ 'ಮಂಗಳೂರ ಸಮಾಚಾರ'ವನ್ನು 1843ರ ಜುಲೈ 1ರಂದು ಹೊರಡಿಸಿದವನು ಇವನೇ. ಇದು ಎಲ್ಲರಿಗೂ ಗೊತ್ತು, ಪ್ರತಿ ವರ್ಷ ಆ ದಿನ ಪತ್ರಿಕಾ ದಿನಾಚರಣೆಯ ಭಾಷಣ ಕೇಳುತ್ತೇವೆ. ನನಗೆ ಹೇಳಬೇಕಾದದ್ದು ಭಾಷಣದಲ್ಲಿ ಬಾರದ ಎರಡು ಬೆಟ್ಟಗಳ ವಿಚಾರ.

ಮೊದಲನೆಯದು ನೀಲಗಿರಿ. ಊಟಿಯ ಹತ್ತಿರ ಕೇಟಿ ಅಂತ ಒಂದು ಕಣಿವೆ. ಅಲ್ಲಿರುವ ಬಡಗರು, ಹೆಸರೇ ಹೇಳುವಂತೆ, ಬಡಗು ದಿಕ್ಕಿನಿಂದ, ಅಂದರೆ ಮೈಸೂರು ಸೀಮೆಯಿಂದ ಹೋದವರು. ಅವರ ಮಾತು ಕನ್ನಡಕ್ಕೆ ತೀರಾ ಹತ್ತಿರ. ಕಂಪನಿಯ ನ್ಯಾಯಾಧೀಶನಾಗಿದ್ದು ನಿವೃತ್ತನಾದ ಕಾಸಾಮೇಜರ್ ಎಂಬವನು ಅಲ್ಲಿ ನೆಲೆಸಿ, ಬಡಗರ ಸಲುವಾಗಿ ಕನ್ನಡ ಕಲಿತು, ಬಾಸೆಲ್ಲಿನವರನ್ನು ಕರೆಸಿಕೊಂಡ. 1846ರಲ್ಲಿ ಅಲ್ಲಿ ಮಿಷನ್ ಕೇಂದ್ರ ಶುರುವಾಯಿತು. ಮೆಟ್ಸ್ ಎಂಬ ಮಿಷನರಿ ಬಡಗರ ಹಟ್ಟಿಯಿಂದ ಹಟ್ಟಿಗೆ ನಡೆದು ನಡೆದು ವರ್ಷಗಟ್ಟಲೆ ಬೋಧಿಸಿದ. ಮೊದಲ ಬಡಗ ಕ್ರೈಸ್ತನಾಗಲು ಹತ್ತು ವರ್ಷಕ್ಕೂ ಹೆಚ್ಚು ಹಿಡಿಯಿತು! ನನ್ನ ಗೆಳೆಯನ ಖಾತೆ ಪುಸ್ತಕದಲ್ಲಾದರೆ ಇದು ಪೂರಾ ಲುಕ್ಸಾನಿನ ಬಾಬ್ತು.

ಆದರೆ ಅದೇ ಬೆಟ್ಟದಿಂದ ಇನ್ನೊಂದು ಇಳಿದು ಬಂತು. ಮೋಗ್ಲಿಂಗನಿಗೆ ಹಳೆಯ ಕನ್ನಡ ಕಾವ್ಯಗಳನ್ನು ಅಚ್ಚು ಹಾಕಿಸುವ ಹುಚ್ಚು. ಮಿಷನ್ನಿನ ದುಡ್ಡು ಅದಕ್ಕೆ ಸಿಗುವಂತಿರಲಿಲ್ಲ. ಸುವಾರ್ತೆ ಸಾರಲು ದಾನಿಗಳು ಕೊಟ್ಟ ಹಣದಲ್ಲಿ ಬಸವಪುರಾಣ ಅಚ್ಚು ಹಾಕುವುದು ಹೇಗೆ? ಹಣ ಕೊಟ್ಟವನು ಈ ಕಾಸಾಮೇಜರ್. 1849ರಲ್ಲಿ ಅವನು ತೀರಿಕೊಂಡ, ಆದರೆ 1848ರಿಂದ 1853ರವರೆಗೆ 'ಬಿಬ್ಲಿಯೋಥೆಕಾ ಕರ್ನಾಟಿಕಾ' ಎಂಬ ಮಾಲೆ ಹೊರಬಂತು. ಜೈಮಿನಿ ಭಾರತ, ತೊರವೆ ರಾಮಾಯಣ, ಬಸವಪುರಾಣ, ಚನ್ನಬಸವಪುರಾಣ, ದಾಸರ ಪದಗಳು.

ದಾಸರ ಪದಗಳು ಅಂದಾಗ ನನಗೆ ಮೈ ಜುಂ ಅಂದದ್ದು ಯಾಕೆಂದರೆ, ಕಾಗಿನೆಲೆ ನಮ್ಮ ಬ್ಯಾಡಗಿ ತಾಲೂಕಿನ ಊರು. ಕನಕದಾಸರ ಕಾಗಿನೆಲೆ. ಮಠದಲ್ಲಿ, ಗುಡಿಯಲ್ಲಿ, ಬೀಸುವ ಕಲ್ಲಿನ ಮುಂದೆ ಬಾಯಿಂದ ಬಾಯಿಗೆ ಹರಿಯುತ್ತಿದ್ದ ಹರಿದಾಸರ ಹಾಡುಗಳು ಅಚ್ಚಿನ ಪುಸ್ತಕವಾಗಿದ್ದು ಒಬ್ಬ ಜರ್ಮನ್ ಪಾದ್ರಿಯ ಕೈಯಲ್ಲಿ, ನೀಲಗಿರಿ ಬೆಟ್ಟದ ಮೇಲೆ ಕೂತ ಒಬ್ಬ ನಿವೃತ್ತ ಜಡ್ಜನ ದುಡ್ಡಿನಲ್ಲಿ. ನಮ್ಮ ಮನೆಯಲ್ಲಿ ಶ್ರಾವಣದಲ್ಲಿ ಬಸವಪುರಾಣ ಓದಿಸುತ್ತಿದ್ದರು. ಅಜ್ಜಿ ಕಂಬಕ್ಕೆ ಒರಗಿ ಕೂತು ಕೇಳುತ್ತಿದ್ದಳು. ಆ ಪುರಾಣವನ್ನು ಮೊದಲು ಅಚ್ಚಿಗಿಳಿಸಿದವರು ಇಂಥವರು ಅಂತ ಅವಳಿಗೆ ಹೇಳಿದ್ದರೆ ನಂಬುತ್ತಿದ್ದಳೋ ಇಲ್ಲವೋ.

ಹಾಗಂತ ಇವರನ್ನು ಹೊತ್ತು ಮೆರೆಸಲು ನಾನು ಹೊರಟಿಲ್ಲ. ಇವರು ನಮ್ಮ ಪುರಾಣಗಳನ್ನು ಓದಿದ್ದು ಭಕ್ತಿಯಿಂದಲ್ಲ. ಜನ ಏನನ್ನು ನಂಬುತ್ತಾರೆ ಅಂತ ತಿಳಿದರೆ ವಾದ ಮಾಡಲು ಅನುಕೂಲ, ಹೊಸ ಮಿಷನರಿಗಳಿಗೆ ಭಾಷೆ ಕಲಿಯಲೂ ಅನುಕೂಲ. ನಮ್ಮ ದೇವರುಗಳ ಬಗ್ಗೆ ಇವರು ಬರೆದದ್ದನ್ನು ಓದಿದರೆ ಇವತ್ತಿಗೂ ಬೇಸರವಾಗುತ್ತದೆ. ಅದನ್ನು ಮುಚ್ಚಿಟ್ಟು ಬರೀ ಕನ್ನಡ ಸೇವೆ ಅಂತ ಹೊಗಳಿದರೆ ಅವರಿಗೂ ಅನ್ಯಾಯ, ನಮಗೂ ಅನ್ಯಾಯ.

ಎರಡನೆಯ ಬೆಟ್ಟ ಕೊಡಗು. 1853ರ ಸುಮಾರಿಗೆ ಮೋಗ್ಲಿಂಗ್ ಇನ್ನು ಊರಿಗೆ ಹೊರಡಬೇಕು ಅಂದುಕೊಂಡಿದ್ದ. ಅಷ್ಟರಲ್ಲಿ ಆಳಮಂಡ ಸೋಮಯ್ಯ ಎಂಬ ಕೊಡವ ಅವನನ್ನು ಹುಡುಕಿಕೊಂಡು ಮಂಗಳೂರಿಗೆ ಬಂದ, ದೀಕ್ಷಾಸ್ನಾನ ಪಡೆದ. ಮೋಗ್ಲಿಂಗ್ ಹಡಗಿನ ವಿಚಾರ ಬಿಟ್ಟು ಅವನ ಬೆನ್ನ ಹಿಂದೆ ಘಟ್ಟ ಹತ್ತಿದ. ಕೊಡಗು ಕಂಪನಿಯ ವಶವಾಗಿ ಆಗಿನ್ನೂ ಇಪ್ಪತ್ತು ವರ್ಷ ಆಗಿರಲಿಲ್ಲ. ಸೋಮಯ್ಯನನ್ನು ಜಾತಿಯವರು ಹೊರಗಿಟ್ಟರು. ಒಬ್ಬ ಮನುಷ್ಯ ತನ್ನ ಮನಸ್ಸಿಗೆ ಸರಿ ಕಂಡದ್ದನ್ನು ನಂಬಲು ಸ್ವತಂತ್ರ, ಸರಿ. ಆದರೆ ಅದರಿಂದ ಒಂದು ಮನೆತನ, ಒಂದು ಊರು ಒಡೆದಾಗ ಆಗುವ ನೋವು ಯಾರ ಲೆಕ್ಕಕ್ಕೆ? ಮಿಷನ್ ವರದಿಗಳಲ್ಲಿ 'ಒಬ್ಬ ಸೇರಿದ' ಅಂತ ಒಂದು ಸಾಲು ಇರಬಹುದು. ಆ ಮನೆಯ ಅಂಗಳದಲ್ಲಿ ಏನಾಯಿತು ಅನ್ನುವುದಕ್ಕೆ ವರದಿಯಲ್ಲಿ ಕಾಲಂ ಇರುವುದಿಲ್ಲ.

ಅದೇ ಬೆಟ್ಟದಲ್ಲಿ ಹೊಲೆಯರು ಇನ್ನೊಬ್ಬರ ತೋಟ ಗದ್ದೆಗಳಲ್ಲಿ ಜೀತಕ್ಕಿದ್ದರು. ಅವರಲ್ಲಿ ಕ್ರೈಸ್ತರಾದವರಿಗೆ ನೆಲೆ ಆಗಲಿ ಅಂತ ಮೋಗ್ಲಿಂಗ್ ಆನಂದಪುರ ಎಂಬ ಊರು ಕಟ್ಟಿದ, ಕಾಫಿ ತೋಟ ಎಬ್ಬಿಸಿದ, ಸಾಲದಲ್ಲಿ ಸಿಕ್ಕಿಬಿದ್ದ. ಹೆಂಡತಿಯ ಆರೋಗ್ಯ ಕೆಟ್ಟಿತು. 1860ರಲ್ಲಿ ಜರ್ಮನಿಗೆ ಹೋದವನು ಮತ್ತೆ ಬರಲಿಲ್ಲ, 1881ರಲ್ಲಿ ಅಲ್ಲೇ ತೀರಿಕೊಂಡ. ಅಷ್ಟರೊಳಗೆ 1855ರಲ್ಲಿ 'ಕೂರ್ಗ್ ಮೆಮೋಯರ್ಸ್' ಎಂಬ ಪುಸ್ತಕ ಬರೆದಿದ್ದ. ಬಂದು ಹೋದದ್ದು ಒಟ್ಟು ಇಪ್ಪತ್ನಾಲ್ಕು ವರ್ಷ.

ಮೋಗ್ಲಿಂಗ್ ಕೊಡಗಿಗೆ ಹೋದ 1853ರಲ್ಲೇ ಮಂಗಳೂರಿಗೆ ಇನ್ನೊಬ್ಬ ಹುಡುಗ ಬಂದಿಳಿದ. ಸಮುದ್ರದ ಪಕ್ಕದ, ಗುಡ್ಡವೇ ಇಲ್ಲದ ಈಸ್ಟ್ ಫ್ರೀಸಿಯಾದವನು, ವಯಸ್ಸು ಇಪ್ಪತ್ತೊಂದು. ನನ್ನ ಗೆಳೆಯನ ಮಗನಿಗಿಂತ ಒಂದು ವರ್ಷ ಚಿಕ್ಕವನು! ಹೆಸರು ಫರ್ಡಿನಾಂಡ್ ಕಿಟ್ಟೆಲ್. ಧಾರವಾಡದಲ್ಲಿದ್ದ, ಮಂಗಳೂರಿನಲ್ಲಿದ್ದ, ಕೊಡಗಿನ ಬೆಟ್ಟದಲ್ಲೂ ಇದ್ದ. 1872ರಲ್ಲಿ ಕೇಶಿರಾಜನ ಶಬ್ದಮಣಿದರ್ಪಣ, 1875ರಲ್ಲಿ ನಾಗವರ್ಮನ ಛಂದೋಂಬುಧಿ ಸಂಪಾದಿಸಿದ. ನಿಘಂಟು ಹೊರಬಂದದ್ದು 1894ರಲ್ಲಿ, ಸುಮಾರು 70,000 ಶಬ್ದ, ಸಾವಿರದ ಏಳುನೂರು ಪುಟ ಮೀರಿದ್ದು. ಬಂದಿಳಿದ ದಿನದಿಂದ ಎಣಿಸಿದರೆ ನಲವತ್ತೊಂದು ವರ್ಷ. ಇಪ್ಪತ್ತೊಂದರ ಹುಡುಗ ಅರವತ್ತೆರಡರ ಮುದುಕನಾಗಿದ್ದ. 1903ರಲ್ಲಿ ಟ್ಯೂಬಿಂಗನ್ನಿನಲ್ಲಿ ತೀರಿಕೊಂಡ.

ಆ ನಿಘಂಟಿನಲ್ಲಿ ಒಂದು ಸಣ್ಣ ಸಂಗತಿ ಇದೆ, ನಮ್ಮ ಕಡೆಯವರು ಗಮನಿಸಬೇಕಾದದ್ದು. ಮೈಸೂರು ಸೀಮೆಯಲ್ಲಿ ಬಳಸುವ ಶಬ್ದಕ್ಕೆ ಒಂದು ಗುರುತು, ನಮ್ಮ ಕಡೆಯ ಶಬ್ದಕ್ಕೆ 'ದಕ್ಷಿಣ ಮರಾಠಾ ಸೀಮೆ' ಎಂಬುದರ ಚಿಕ್ಕ ಗುರುತು. ಆಗ ಬ್ರಿಟಿಷರ ಕಾಗದದಲ್ಲಿ ಧಾರವಾಡ, ಬೆಳಗಾವಿ ಕಡೆಗಿದ್ದ ಹೆಸರು ಅದು. ಶಾಲೆಯಲ್ಲಿ ನಾವು ಮನೆಯ ಮಾತು ಆಡಿದರೆ 'ಶುದ್ಧ ಕನ್ನಡ ಮಾತಾಡು' ಅಂತ ಬೈಸಿಕೊಂಡವರು. ಆ ಗುರುತು ಮೊದಲ ಸಲ ನೋಡಿದಾಗ, ನಮ್ಮ ಮಾತನ್ನೂ ಒಬ್ಬ ಕಿವಿಗೊಟ್ಟು ಕೇಳಿ ಬರೆದುಕೊಂಡಿದ್ದ ಅಂತ ಗಂಟಲು ಕಟ್ಟಿತ್ತು. ಸುಮ್ಮನೆ ಹೇಳುತ್ತಿಲ್ಲ.

ಕತೆ ಇಲ್ಲಿಗೆ ಮುಗಿಯಲಿಲ್ಲ. ಅದೇ ಬಾಸೆಲ್ ಮಿಷನ್ನಿನ ಸಭೆಯಲ್ಲಿ ಬೆಳೆದ ಕನ್ನಡಿಗ ಪಾದ್ರಿ ಉತ್ತಂಗಿ ಚನ್ನಪ್ಪ, 1881ರಲ್ಲಿ ಧಾರವಾಡದಲ್ಲಿ ಹುಟ್ಟಿದವರು. ಹಿರೇಕೆರೂರು ಕಡೆಯ ಅಬಲೂರು, ಮಾಸೂರು ಎಂದರೆ ಸರ್ವಜ್ಞ ಅಂತ ನಾವು ಎದೆ ಉಬ್ಬಿಸುತ್ತೇವಲ್ಲ, ಆ ಸರ್ವಜ್ಞನ ತ್ರಿಪದಿಗಳನ್ನು ಓಲೆಗರಿಯಿಂದಲೂ ಜನರ ಬಾಯಿಂದಲೂ ಕೂಡಿಸಿ 1924ರಲ್ಲಿ ದೊಡ್ಡ ಸಂಪುಟ ತಂದವರು ಇವರೇ. ಪಾದ್ರಿಯಾಗಿಯೇ ಇದ್ದು ಶರಣರನ್ನೂ ಓದಿದರು. 1949ರಲ್ಲಿ ಕಲಬುರಗಿ ಸಾಹಿತ್ಯ ಸಮ್ಮೇಳನಕ್ಕೆ ಅಧ್ಯಕ್ಷರಾದರು. ಹೊರಗಿನಿಂದ ಬಂದವರು ಮೂರು ತಲೆಮಾರಿನ ಹಿಂದೆ ಹೊತ್ತಿಸಿದ್ದ ಆಸಕ್ತಿ ಹಾವೇರಿ ಸೀಮೆಯ ಕವಿಯನ್ನು ಹಾವೇರಿ ಸೀಮೆಗೇ ಮರಳಿ ಕೊಟ್ಟಿತು.

ಇರಲಿ, ಹುಡುಗನ ವಿಷಯಕ್ಕೆ ಬರೋಣ. ಹೋದ ವಾರ ಮತ್ತೆ ಸಿಕ್ಕ. ಇದನ್ನೆಲ್ಲ ಅವನಿಗೆ ಹೇಳಿದೆ, ಸೋಮಯ್ಯನ ಮನೆಯ ಅಂಗಳವನ್ನೂ ಬಿಡದೆ. ಆಮೇಲೆ ಒಂದೇ ಪ್ರಶ್ನೆ ಕೇಳಿದೆ.

"ಎರಡು ವಾರದಾಗ ಆ ಊರಿನ ಮಾತು ಎಷ್ಟು ಕಲಿತೆಪಾ?"

ಸ್ವಲ್ಪ ಹೊತ್ತು ಸುಮ್ಮನಿದ್ದ. "ನೀರು, ಅಕ್ಕ, ಸಾಕು. ಮೂರು ಶಬ್ದ, ಕಾಕಾ. ಉಳಿದದ್ದು ಎಲ್ಲಾ ಫೋಟೋರಿ."

"ನೂರು ಶಬ್ದ ಇಲ್ಲೇ ಕೂತು ಕಲಿ. ಆಮ್ಯಾಲ ಹೋಗೋ ವಿಚಾರ ಮಾಡು. ಹೋದರ ಕಲಿಸಾಕ ಅಂತ ಹೋಗಬ್ಯಾಡ" ಅಂದೆ.

ಗೆಳೆಯನಿಗೆ ನನ್ನ ಮೇಲೆ ಸಿಟ್ಟು ಬಂದಿದೆ. ಬುದ್ಧಿ ಹೇಳು ಅಂದರೆ ನೀನು ಹಾದಿ ತೋರಿಸಿದಿ ಅಂತ ಫೋನಿನಲ್ಲಿ ಬೈದ. ಲಾಭ ಲುಕ್ಸಾನು ಇನ್ನೂ ಬರೆದು ಮುಗಿದಿಲ್ಲ ಮಾರಾಯ, ನಲವತ್ತೊಂದು ವರ್ಷದ ಲೆಕ್ಕವೂ ಇರುತ್ತದೆ ಅಂದೆ. "ಅಷ್ಟರಾಗ ನಾ ಇರೂದಿಲ್ಲ" ಅಂದ. ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಬಾಸೆಲಿನಲ್ಲಿ, ಈಸ್ಟ್ ಫ್ರೀಸಿಯಾದಲ್ಲಿ ಮಗನ ಕಾಗದಕ್ಕೆ ಕಾಯುತ್ತ ಕೂತಿದ್ದ ಅಪ್ಪಂದಿರೂ ಇದನ್ನೇ ಅಂದಿರಬೇಕು.

ನಿಮ್ಮ ಊರಿನ ಕಡೆಯೂ ಹೀಗೆ ಬಂದು ಹೋದವರ ಕತೆ ಇದ್ದರೆ ಬರೆಯಿರಿ. ಹಳೆಯ ಶಾಲೆ, ಹಳೆಯ ಗೋರಿ, ಅಜ್ಜ ಹೇಳಿದ ಮಾತು... ಏನಾದರೂ ಸರಿ. ಹುಡುಗನಿಗೂ ತೋರಿಸುತ್ತೇನೆ.