ಸಂಡೂರು ಸೀಮೆಯಲ್ಲಿ ವಿದ್ಯೆಯೂ ಕಾಯಕವೂ

ತುಂಗಭದ್ರೆಯ ತೆಂಕಣ ದಡದಿಂದ ಸಂಡೂರಿನ ಬೆಟ್ಟಸಾಲಿನವರೆಗೆ ಹಬ್ಬಿರುವ ಸೀಮೆಯು ಎರಡು ಬಗೆಯ ಐಶ್ವರ್ಯಕ್ಕೆ ತೌರಾಗಿರುತ್ತದೆ. ಹೊಸಪೇಟೆ ಕಂಪ್ಲಿಗಳ ಬಯಲಿನಲ್ಲಿ ವಿಜಯನಗರದ ಅರಸರು ತೆಗೆಯಿಸಿದ ಕಾಲುವೆಗಳು ಇಂದಿಗೂ ಬತ್ತ, ಬಾಳೆ, ಕಬ್ಬುಗಳನ್ನು ಸಲಹುತ್ತಿರುವುವು. ನಾರಿಹಳ್ಳದ ಆಚೀಚೆ ಎದ್ದು ನಿಂತ ಕುಮಾರಸ್ವಾಮಿ, ದೋಣಿಮಲೈ ಮೊದಲಾದ ಬೆಟ್ಟಗಳ ಗರ್ಭದಲ್ಲಿ ಕಬ್ಬಿಣದ ಅದಿರು ತುಂಬಿರುತ್ತದೆ. ದೋಣಿಮಲೈಯ ಹೆಸರಿನಲ್ಲಿ ದೋಣಿಯುಂಟಾದರೂ ಅಲ್ಲಿ ತೇಲುವುದು ಕೆಂಧೂಳಿಯೇ ಹೊರತು ಬೇರೆಯಲ್ಲ. ಇಂತಹ ಸಂಪತ್ತಿನ ಮಡಿಲಲ್ಲಿ ಹುಟ್ಟಿದ ಮಕ್ಕಳಿಗೆ ಅದನ್ನು ಆಳತಕ್ಕ ವಿದ್ಯೆಯು ಎಷ್ಟರಮಟ್ಟಿಗೆ ದೊರೆಯಿತೆಂಬುದು ವಿಚಾರಾರ್ಹವಾದ ಸಂಗತಿಯು.

ಪೂರ್ವದಲ್ಲಿ ಕಸುಬಿನ ಶಿಕ್ಷಣಕ್ಕೆ ಬೇರೊಂದು ಶಾಲೆಯಿರಲಿಲ್ಲ. ತಂದೆಯ ಕುಲುಮೆಯೇ ಮಗನ ಪಾಠಶಾಲೆ. ಕಮಲಾಪುರದ ಕಮ್ಮಾರರು ಸಮೀಪದ ಗುಡ್ಡಗಳ ಅದಿರನ್ನು ಕರಗಿಸಿ ಕಬ್ಬಿಣ ತೆಗೆಯುತ್ತಿದ್ದರು. ಕಬ್ಬಿನ ಹಾಲನ್ನು ಕಾಸುವ ಅಗಲವಾದ ಕೊಪ್ಪರಿಗೆಗಳಿಗೆ ಆ ಊರು ಹೆಸರಾಗಿದ್ದಿತು. ಅದಿರು, ಕುಲುಮೆ, ಕೊಪ್ಪರಿಗೆ, ಗಾಣ, ಗದ್ದೆ ಇವೆಲ್ಲವೂ ಒಂದು ಹಗಲಿನ ನಡಿಗೆಯೊಳಗೆ ಅಡಗಿದ್ದುವು. ಕಡಲಾಚೆಯ ಅಗ್ಗದ ಕಬ್ಬಿಣವು ಬಂದ ಮೇಲೆ ಅದಿರು ಕರಗಿಸುವ ಒಲೆಗಳು ತಣ್ಣಗಾದುವು. ಅವುಗಳೊಡನೆ ಬರಹಕ್ಕಿಳಿಯದ ಆ ವಿದ್ಯೆಯೂ ಅಳಿಯಿತು.

ಅಕ್ಷರವಿದ್ಯೆಯ ವಿಷಯದಲ್ಲಿಯಾದರೋ ಒಂದು ಅಮೂಲ್ಯ ದಾಖಲೆಯು ಉಳಿದುಬಂದಿರುತ್ತದೆ. 1800ರಲ್ಲಿ ಬಳ್ಳಾರಿ ಸೀಮೆಯು ನಿಜಾಮನಿಂದ ಇಂಗ್ಲಿಷ್ ಕಂಪನಿಯ ವಶವಾಗಿ, ಥಾಮಸ್ ಮನ್ರೋನು ಇಲ್ಲಿಯ ಕಲೆಕ್ಟರನಾದನು. ಮುಂದೆ ಅವನು ಮದರಾಸಿನ ಗವರ್ನರನಾಗಿ 1822ರಲ್ಲಿ ದೇಶೀಯ ಶಾಲೆಗಳ ಲೆಕ್ಕವನ್ನು ಕೇಳಲು, ಬಳ್ಳಾರಿಯ ಕಲೆಕ್ಟರನಾದ ಕ್ಯಾಂಪ್‌ಬೆಲ್ಲನು ಮರುವರ್ಷ ಉತ್ತರ ಬರೆದನು. ಅದರಂತೆ ಆಗಿನ ವಿಶಾಲವಾದ ಬಳ್ಳಾರಿ ಜಿಲ್ಲೆಯಲ್ಲಿ 533 ಶಾಲೆಗಳು. ಅವುಗಳಲ್ಲಿ ಕನ್ನಡದವು 235, ತೆಲುಗಿನವು 226. ಕಲಿಯುವವರು 6,641 ಮಂದಿ. ಅವರೊಳಗೆ ಹೆಣ್ಣುಮಕ್ಕಳು ಕೇವಲ 60. ಒಂಬತ್ತು ಲಕ್ಷಕ್ಕೆ ಮಿಕ್ಕಿದ ಜನಸಂಖ್ಯೆಯಲ್ಲಿ ಸಾವಿರಕ್ಕೆ ಸುಮಾರು ಏಳು ಮಂದಿ ಮಾತ್ರ ಶಾಲೆಯಲ್ಲಿದ್ದರು. ಲಿಂಗವಂತರ ಮಕ್ಕಳು ಬಸವಪುರಾಣ, ಗಿರಿಜಾಕಲ್ಯಾಣ, ಚೆನ್ನಬಸವಪುರಾಣಗಳನ್ನೂ, ಕುಶಲಕರ್ಮಿಗಳ ಮಕ್ಕಳು ವಿಶ್ವಕರ್ಮಪುರಾಣವನ್ನೂ ಓದುತ್ತಿದ್ದರೆಂದು ಅವನೇ ಹೇಳಿರುತ್ತಾನೆ. ಕುಲುಮೆಯ ಹುಡುಗನಿಗೂ ಪುಸ್ತಕದ ಪರಿಚಯವಿದ್ದಿತೆಂಬುದು ಇದರಿಂದ ಸ್ಪಷ್ಟವಾಗುತ್ತದೆ.

ಲೆಕ್ಕಕ್ಕಿಂತಲೂ ಮಿಗಿಲಾದುದು ಅವನು ಕೊಟ್ಟ ಕಾರಣವು. ಯೂರೋಪಿನ ಬಟ್ಟೆ ಬಂದು ಇಲ್ಲಿಯ ನೇಕಾರರು ಕೆಲಸಗೆಟ್ಟರು, ಜನರು ಬಡವರಾದರು, ಎಳೆಯ ಕೈಕಾಲುಗಳು ಅತ್ಯಲ್ಪವಾದ ದುಡಿಮೆಗೆ ಬಂದೊಡನೆಯೇ ತಾಯ್ತಂದೆಗಳು ಮಕ್ಕಳನ್ನು ಶಾಲೆಯಿಂದ ಬಿಡಿಸುವಂತಾಯಿತು. ಅಧಿಕಾರಿಯೊಬ್ಬನು ತನ್ನ ಸರ್ಕಾರಕ್ಕೇ ಹೀಗೆ ಬರೆದುದು ಮೆಚ್ಚತಕ್ಕುದು. ಆದರೆ ವಿಶೇಷ ಫಲವೇನೂ ಆಗಲಿಲ್ಲ.

ಸರ್ಕಾರವು ಮಾಡದೆ ಬಿಟ್ಟುದನ್ನು ಸಮಾಜವೇ ಕೈಗೊಳ್ಳಬೇಕಾಯಿತು. 1916ರಲ್ಲಿ ಬಳ್ಳಾರಿಯಲ್ಲಿ ವೀರಶೈವ ವಿದ್ಯಾವರ್ಧಕ ಸಂಘವು ಸ್ಥಾಪಿತವಾಯಿತು. ಅದೇ ವರ್ಷ ಬೆಳಗಾವಿಯಲ್ಲಿ ಕರ್ನಾಟಕ ಲಿಂಗಾಯತ ವಿದ್ಯಾಸಂಸ್ಥೆಯೂ ಹುಟ್ಟಿತು. ಬಳ್ಳಾರಿಯ ಸಂಘದಿಂದ 1945ರಲ್ಲಿ ವೀರಶೈವ ಕಾಲೇಜೂ, 1964ರಲ್ಲಿ ಹೊಸಪೇಟೆಯ ವಿಜಯನಗರ ಕಾಲೇಜೂ ನಡೆದುಬಂದುವು. ಮಠಗಳು ಪ್ರಸಾದನಿಲಯಗಳನ್ನು ತೆರೆದು ಹಳ್ಳಿಯ ಹುಡುಗನ ಊಟವಸತಿಗಳ ಭಾರವನ್ನು ಹೊತ್ತುವು. ಕ್ಯಾಂಪ್‌ಬೆಲ್ಲನು ಕಂಡ ರೋಗಕ್ಕೆ ಇದೇ ತಕ್ಕ ಮದ್ದು. ಹಸಿದ ಮನೆಗೆ ಪಾಠಕ್ಕಿಂತ ಮುಂಚೆ ಅನ್ನವು ಬೇಕು. ಆದರೂ ಒಂದು ಕೊರತೆಯನ್ನು ಹೇಳದೆ ಇರಲಾಗದು. ಮಡಿವಾಳ ಮಾಚಿದೇವ, ಅಂಬಿಗರ ಚೌಡಯ್ಯ, ಮೇದರ ಕೇತಯ್ಯರನ್ನು ಕಾಯಕದಿಂದಲೇ ಹೆಸರಿಸಿ ಪೂಜಿಸುವ ಸಮಾಜವು ಶಾಲೆಗಳನ್ನು ಕಟ್ಟುವಾಗ ಮೊದಲು ನೆನೆದುದು ಗುಮಾಸ್ತನನ್ನೂ ವಕೀಲನನ್ನೂ. ಕಮ್ಮಾರನನ್ನು ನೆನೆದುದು ಬಹಳ ತಡವಾಗಿ.

ಸಂಡೂರು ಘೋರ್ಪಡೆ ಮನೆತನದ ಸಂಸ್ಥಾನವಾಗಿದ್ದು 1949ರಲ್ಲಿ ಬಳ್ಳಾರಿ ಜಿಲ್ಲೆಯೊಳಗೆ ಸೇರಿತು. 1953ರಲ್ಲಿ ಜಿಲ್ಲೆಯು ಮೈಸೂರು ರಾಜ್ಯಕ್ಕೆ ಬಂದಿತು. ಅದೇ ವರ್ಷ ತುಂಗಭದ್ರೆಯ ಅಣೆಕಟ್ಟು ಪೂರ್ಣಗೊಂಡಿತು. 1977ರಲ್ಲಿ ರಾಷ್ಟ್ರೀಯ ಖನಿಜಾಭಿವೃದ್ಧಿ ನಿಗಮದವರು ದೋಣಿಮಲೈಯಲ್ಲಿ ಯಂತ್ರಸಜ್ಜಿತವಾದ ಗಣಿಯನ್ನು ನಡೆಸತೊಡಗಿದರು. ಬೆಟ್ಟದ ಬುಡದಲ್ಲಿ ಟೌನ್‌ಶಿಪ್ಪು ಎದ್ದಿತು; ಆಸ್ಪತ್ರೆ, ಕೇಂದ್ರೀಯ ವಿದ್ಯಾಲಯ ಮುಂತಾದುವು ಬಂದುವು. ಇಂತಹ ವಿದ್ಯಾಲಯದಲ್ಲಿ ನೌಕರರ ಮಕ್ಕಳಿಗೆ ಮೊದಲ ಸ್ಥಾನ, ಸುತ್ತಣ ಹಳ್ಳಿಗಳ ಮಕ್ಕಳಿಗೆ ಆಮೇಲಿನದು. ದೊಡ್ಡ ಯಂತ್ರವನ್ನು ನಡೆಸಬೇಕಾದರೆ ಗಣಿತವೂ ವಿದ್ಯುತ್ತಿನ ಜ್ಞಾನವೂ ಪ್ರಮಾಣಪತ್ರವೂ ಬೇಕು. ಬುಟ್ಟಿ ಹೊರುವುದಕ್ಕೆ ಯಾವುದೂ ಬೇಡ. 1950ರ ಕುಶಲಕರ್ಮಿ ತರಬೇತಿ ಯೋಜನೆಯೂ 1961ರ ಶಿಶಿಕ್ಷು ಕಾಯಿದೆಯೂ ಇದ್ದುವು ನಿಜ. ಆದರೆ ಎಂಟನೆಯ ಅಥವಾ ಹತ್ತನೆಯ ತರಗತಿಯನ್ನು ಮುಟ್ಟದವನಿಗೆ ಅವುಗಳ ಬಾಗಿಲು ಸಾಮಾನ್ಯವಾಗಿ ತೆರೆಯುತ್ತಿರಲಿಲ್ಲ.

2003ರ ತರುವಾಯ ಚೀನಾದೇಶದ ಬೇಡಿಕೆಯಿಂದ ಅದಿರಿನ ಬೆಲೆಯು ಏರಿತು. ಹೊಲಗಳು ಅದಿರಿನ ರಾಶಿಗೆ ತಾವಾದುವು; ರಸ್ತೆಗಳು ಲಾರಿಗಳಿಂದ ತುಂಬಿದುವು. ಮಕ್ಕಳು ಶಾಲೆಯನ್ನು ತೊರೆದು ಅದಿರು ಒಡೆಯುವ, ಆರಿಸುವ ಕೆಲಸಕ್ಕೆ ಹೋದುದು ಆ ದಿನಗಳಲ್ಲಿ ವರದಿಯಾಯಿತು. 1823ರಲ್ಲಿ ಬಡತನವು ಮಕ್ಕಳನ್ನು ಶಾಲೆಯಿಂದೆಳೆದಿತ್ತು. ಈಗ ಸಿರಿಯ ಹೊತ್ತಿನಲ್ಲಿಯೂ ಅದೇ ನಡೆಯಿತು. 2011ರ ಜುಲೈಯಲ್ಲಿ ಸರ್ವೋಚ್ಚ ನ್ಯಾಯಾಲಯವು ಬಳ್ಳಾರಿಯ ಗಣಿಗಾರಿಕೆಯನ್ನು ನಿಲ್ಲಿಸಿತು. ನೆಲದ ರಕ್ಷಣೆಗೆ ಅದು ಅವಶ್ಯವಾಗಿದ್ದಿತು; ಆದರೆ ಹೊರೆ ಹೊರುವುದೊಂದನ್ನೇ ಬಲ್ಲವನಿಗೆ ಹೋಗಲು ಎಡೆಯಿರಲಿಲ್ಲ. ಆ ವರ್ಷದ ಜನಗಣತಿಯಲ್ಲಿ ರಾಜ್ಯದ ಸಾಕ್ಷರತೆಯು ಶೇಕಡಾ 75.36 ಇದ್ದರೆ, ಬಳ್ಳಾರಿ ಜಿಲ್ಲೆಯದು 67.43 ಮಾತ್ರ.

ತರುವಾಯ ಕೆಲವು ಬಾಗಿಲುಗಳು ತೆರೆದುವು. 2012ರಲ್ಲಿ ಆದ ಸಂವಿಧಾನದ 98ನೆಯ ತಿದ್ದುಪಡಿಯಿಂದ 371ಜೆ ವಿಧಿಯು ಬಂದು, ಈ ಜಿಲ್ಲೆಯವರಿಗೆ ವ್ಯಾಸಂಗದಲ್ಲಿಯೂ ಉದ್ಯೋಗದಲ್ಲಿಯೂ ಮೀಸಲಾತಿ ದೊರೆಯಿತು. 2015ರ ಕಾಯಿದೆಯಂತೆ ಗಣಿಗಳವರು ರಾಜಧನದ ಮೇಲೆ ಮತ್ತೊಂದು ಪಾಲನ್ನು ಜಿಲ್ಲಾ ಖನಿಜ ಪ್ರತಿಷ್ಠಾನಕ್ಕೆ ಸಲ್ಲಿಸಬೇಕು. ಶಿಕ್ಷಣವೂ ಕೌಶಲ್ಯಾಭಿವೃದ್ಧಿಯೂ ಅದರ ಉದ್ದೇಶಗಳಲ್ಲಿ ಸೇರಿರುವುವು. ನಂದಿಹಳ್ಳಿಯ ಸ್ನಾತಕೋತ್ತರ ಕೇಂದ್ರದಲ್ಲಿ ಖನಿಜ ಸಂಸ್ಕರಣದ ವ್ಯಾಸಂಗವು ನಡೆಯುತ್ತದೆ. ಅದಿರಿನ ನೆಲದಲ್ಲಿಯೇ ಅದಿರಿನ ಶಾಸ್ತ್ರವನ್ನು ಕಲಿಸುವುದಕ್ಕಿಂತ ಯುಕ್ತವಾದುದು ಬೇರೇನಿದೆ? 2021ರಲ್ಲಿ ವಿಜಯನಗರ ಜಿಲ್ಲೆಯಾದಾಗ ಹೊಸಪೇಟೆಯು ಅದರ ಕೇಂದ್ರವಾಯಿತು, ಸಂಡೂರು ಕಂಪ್ಲಿಗಳು ಬಳ್ಳಾರಿಯಲ್ಲಿಯೇ ಉಳಿದುವು. ಒಂದೇ ಕೆಲಸಕ್ಕೆ ಈಗ ಎರಡು ಜಿಲ್ಲಾ ಕಚೇರಿಗಳು.

ಬೇರೆ ಬಗೆಯಲ್ಲಿ ಬೆಳೆದ ಶಿಕ್ಷಣವೊಂದು ತಾಂಡಾಗಳ ಹೆಣ್ಣುಮಕ್ಕಳದು. ಎಂ. ವೈ. ಘೋರ್ಪಡೆಯವರು 1980ರ ದಶಕದಲ್ಲಿ ಕಟ್ಟಿದ ಸಂಡೂರು ಕುಶಲ ಕಲಾ ಕೇಂದ್ರದಲ್ಲಿ ಲಂಬಾಣಿ ಸ್ತ್ರೀಯರು ತಾಯಂದಿರಿಂದ ಕಲಿತ ಕಸೂತಿಯನ್ನು ಅಳತೆ, ಬಣ್ಣ, ಬೆಲೆಗಳ ಲೆಕ್ಕದೊಡನೆ ಪೇಟೆಗೆ ತಕ್ಕಂತೆ ಮಾಡಲು ಕಲಿತರು. ಕಮಲಾಪುರದ ಒಲೆಗಳಿಗೆ ಒದಗದೆ ಹೋದ ಆಶ್ರಯವು ಈ ಸೂಜಿಗೆ ಒದಗಿತು. ಆ ಕಸೂತಿಗೆ ಭೌಗೋಳಿಕ ಸೂಚಿಯ ಮನ್ನಣೆಯೂ ಬಂದಿತು. 2023ರ ಜುಲೈಯಲ್ಲಿ ಹಂಪೆಯಲ್ಲಿ ಜಿ-20 ಸಭೆಯು ನೆರೆದಾಗ, 450ಕ್ಕೂ ಹೆಚ್ಚು ಮಂದಿ ಸ್ತ್ರೀಯರು ಹೊಲಿದ 1,755 ವಸ್ತುಗಳನ್ನು ಅಲ್ಲಿ ಹರಡಿ ತೋರಿಸಲಾಯಿತು.