ಚಪ್ಪಟೆ ಚಿತ್ರ, ಬಾಗಿದ ಮೈ

ಕಂಪ್ಯೂಟರಿನಲ್ಲಿ ಒಂದು ಆಕಾರವನ್ನು ಕಟ್ಟುವುದು ಒಂದು ಕೆಲಸ. ಅದರ ಮೈಗೆ ಮರದ ಗೆರೆಯನ್ನೋ ಚರ್ಮದ ಬಣ್ಣವನ್ನೋ ಹೊದಿಸುವುದು ಇನ್ನೊಂದು. ಟೆಕ್ಸ್‌ಚರ್ ಮ್ಯಾಪಿಂಗ್ ಎಂಬ ಈ ಎರಡನೆಯ ಕೆಲಸಕ್ಕೆ ನಾಂದಿ ಹಾಡಿದ್ದು ಎಡ್ ಕ್ಯಾಟ್‌ಮಲ್ 1974ರಲ್ಲಿ ಯೂಟಾ ವಿಶ್ವವಿದ್ಯಾಲಯಕ್ಕೆ ಸಲ್ಲಿಸಿದ ಪಿಎಚ್.ಡಿ. ಪ್ರಬಂಧ. ಅವರು ಬಳಸಿದ ಮೇಲ್ಮೈಗಳು ಬಾಗಿದ ಚೌಕದಂಥ ತುಂಡುಗಳು. ಅವುಗಳ ಪ್ರತಿ ಬಿಂದುವಿಗೂ ಯು, ವಿ ಎಂಬ ಎರಡು ಅಂಕಿಗಳು ಹುಟ್ಟಿನಿಂದಲೇ ಇರುತ್ತವೆ. ಚಿತ್ರದ ಬಿಂದುವನ್ನು ಗುರುತಿಸಲೂ ಎರಡೇ ಅಂಕಿ ಸಾಕು. ಹೀಗಾಗಿ ಚಿತ್ರಕ್ಕೂ ಮೇಲ್ಮೈಗೂ ನಂಟು ಪುಕ್ಕಟೆಯಾಗಿ ಕೂಡಿಬಂತು. ಮುಂದಿನವರಿಗೆ ಕಾದಿದ್ದ ತಲೆನೋವು ಆ ಪುಕ್ಕಟೆಯ ಹಿಂದೆ ಅಡಗಿತ್ತು.

ಮೊದಲ ವರ್ಷಗಳ ಉತ್ಸಾಹ ಹರಿದದ್ದು ಬೇರೆ ಕಡೆಗೆ. 1976ರಲ್ಲಿ ಜಿಮ್ ಬ್ಲಿನ್ ಮತ್ತು ಮಾರ್ಟಿನ್ ನ್ಯೂವೆಲ್ ಸುತ್ತಲಿನ ದೃಶ್ಯದ ಪ್ರತಿಬಿಂಬವನ್ನೇ ಚಿತ್ರವಾಗಿಸಿ ವಸ್ತುವಿನ ಮೇಲೆ ಮೂಡಿಸಿದರು. 1978ರಲ್ಲಿ ಬ್ಲಿನ್, ಬೆಳಕು ಬೀಳುವ ಲೆಕ್ಕವನ್ನಷ್ಟೇ ಅಲುಗಿಸಿ, ನುಣುಪಾದ ಮೈಯಲ್ಲಿ ಸುಕ್ಕುಗಳಿರುವಂತೆ ಕಾಣಿಸಿದರು. (ಅಂಚನ್ನು ದಿಟ್ಟಿಸಿದರೆ ಮೋಸ ಗೊತ್ತಾಗುತ್ತದೆ, ಹೊರರೇಖೆ ನುಣುಪಾಗಿಯೇ ಉಳಿದಿರುತ್ತದೆ.) ದೂರದ ಚಿತ್ರ ಮಿಣುಕದಂತೆ ಲ್ಯಾನ್ಸ್ ವಿಲಿಯಮ್ಸ್ 1983ರಲ್ಲಿ ಮಿಪ್‌ಮ್ಯಾಪ್ ತಂದರು: ಒಂದೇ ಚಿತ್ರದ ಅರ್ಧ, ಅದರ ಅರ್ಧ ಅಳತೆಯ ಪ್ರತಿಗಳನ್ನು ಮೊದಲೇ ಮಾಡಿಟ್ಟುಕೊಳ್ಳುವ ಉಪಾಯ. ಅದಕ್ಕೆ ತಗಲುವ ಹೆಚ್ಚುವರಿ ಜಾಗ ಮೂರನೇ ಒಂದು ಪಾಲು ಮಾತ್ರ.

ಚಪ್ಪಟೆ ಚಿತ್ರವನ್ನು ಬಾಗಿದ ಮೈಗೆ ಹೊದಿಸುವ ಮೂಲ ತೊಡಕು ಕಂಪ್ಯೂಟರಿಗಿಂತ ಹಳೆಯದು. ಗೋಳವನ್ನು ಹಿಗ್ಗಿಸದೆ, ಕುಗ್ಗಿಸದೆ ಚಪ್ಪಟೆ ಮಾಡಲಾಗದು ಎನ್ನುವುದು ಗೌಸ್ 1827ರಲ್ಲಿ ಕೊಟ್ಟ ಪ್ರಮೇಯದಿಂದಲೇ ಹೊರಡುತ್ತದೆ. ಕೋನಗಳನ್ನು ಉಳಿಸಿಕೊಂಡರೆ ವಿಸ್ತಾರ ಕೆಡುತ್ತದೆ, ವಿಸ್ತಾರ ಉಳಿಸಿಕೊಂಡರೆ ಕೋನ. ರವಿಕೆ ಹೊಲಿಯುವವರಿಗೆ ಇದು ಗೊತ್ತು: ಬಟ್ಟೆ ಮೈಗೆ ಕೂರಬೇಕಾದರೆ ಟಕ್ಸ್ ಹಿಡಿಯಬೇಕು, ಎಲ್ಲೋ ಒಂದೆಡೆ ಹೊಲಿಗೆ ಬರಲೇಬೇಕು.

1985ರಲ್ಲಿ ಕೆನ್ ಪರ್ಲಿನ್ ಮತ್ತು ಡಾರ್ವಿನ್ ಪೀಚಿ, ಬೇರೆ ಬೇರೆಯಾಗಿ, ಈ ಹೊಲಿಗೆಯ ಗೊಡವೆಯೇ ಬೇಡವೆಂದರು. ಚಿತ್ರ ಹೊದಿಸುವ ಬದಲು ಅಮೃತಶಿಲೆಯನ್ನೋ ಮರವನ್ನೋ ಮೂರು ಆಯಾಮದ ಗಟ್ಟಿಯಾಗಿ ಲೆಕ್ಕಹಾಕಿ, ವಸ್ತುವನ್ನು ಅದರಿಂದಲೇ ಕಡೆದಂತೆ ತೋರಿಸಿದರು. ಸೊಗಸಾದ ಉಪಾಯ. ಆದರೆ ಪಾತ್ರದ ಎಡಗೆನ್ನೆಯ ಮೇಲೆ ಒಂದು ಮಚ್ಚೆ ಬೇಕೆಂದರೆ ಅದು ಕೈಕೊಡುತ್ತದೆ. ಮರುವರ್ಷ ಬಿಯರ್ ಮತ್ತು ಸ್ಲೋನ್ ನಡುದಾರಿ ಹಿಡಿದರು: ಚಿತ್ರವನ್ನು ಮೊದಲು ಕೊಳವೆ, ಗೋಳ ಅಥವಾ ಪೆಟ್ಟಿಗೆಗೆ ಸುತ್ತಿ, ಅಲ್ಲಿಂದ ವಸ್ತುವಿನ ಮೇಲೆ ಇಳಿಸುವುದು.

ಅಷ್ಟರಲ್ಲಿ ತ್ರಿಕೋನಗಳ ಜಾಲಗಳ ಬಳಕೆ ಹೆಚ್ಚಿತು. ಅವಕ್ಕೆ ಹುಟ್ಟಿನಿಂದ ಬಂದ ಯು, ವಿ ಇಲ್ಲ; ಜಾಲವನ್ನು ಕತ್ತರಿಸಿ, ಬಿಚ್ಚಿ, ಚಪ್ಪಟೆಯಾಗಿ ಹರಡಿ ಅವನ್ನು ಪಡೆಯಬೇಕು. ನೆರವಿಗೆ ಬಂದದ್ದು, ಗ್ರಾಫಿಕ್ಸ್‌ನ ಯೋಚನೆಯೇ ಇಲ್ಲದೆ ವಿಲಿಯಂ ಟಟ್ 1963ರಲ್ಲಿ ಬರೆದ ಗಣಿತ. ಅಂಚಿನ ಬಿಂದುಗಳನ್ನು ಉಬ್ಬು ಬಹುಭುಜದ ಮೇಲೆ ಕೂರಿಸಿ, ಒಳಗಿನ ಪ್ರತಿ ಬಿಂದುವನ್ನೂ ನೆರೆಬಿಂದುಗಳ ಸರಾಸರಿ ಜಾಗದಲ್ಲಿಟ್ಟರೆ ಯಾವ ತ್ರಿಕೋನವೂ ಮಗುಚಿಕೊಳ್ಳುವುದಿಲ್ಲ. 1997ರಲ್ಲಿ ಮೈಕೆಲ್ ಫ್ಲೋಟರ್ ಇದನ್ನು ಮೇಲ್ಮೈಗಳಿಗೆ ಒಗ್ಗಿಸಿದರು. 2002ರಲ್ಲಿ ಬ್ರುನೊ ಲೆವಿ ಮತ್ತು ಸಂಗಡಿಗರು ಅಂಚನ್ನೂ ಬಂಧನದಿಂದ ಬಿಟ್ಟು, ಕೋನಗಳು ಆದಷ್ಟು ಕಡಿಮೆ ಕೆಡುವ ವಿಧಾನ ಕೊಟ್ಟರು. ಬ್ಲೆಂಡರ್‌ನಂಥ ಉಚಿತ ತಂತ್ರಾಂಶದಲ್ಲೂ ಅದು ಸಿಗುತ್ತದೆ. ನನ್ನ ಮಟ್ಟಿಗೆ ಈ ಕ್ಷೇತ್ರದ ದೊಡ್ಡ ನೆಗೆತ ಇದೇ. ಆದರೂ ಎಲ್ಲಿ ಕತ್ತರಿಸಬೇಕೆಂಬ ತೀರ್ಮಾನ ಬಹುಪಾಲು ಕಲಾವಿದರದ್ದೇ: ಕಿವಿಯ ಹಿಂದೆ, ಕೂದಲಿನ ಕೆಳಗೆ, ತೋಳಿನ ಒಳಬದಿಯಲ್ಲಿ.

2008ರಲ್ಲಿ ಡಿಸ್ನಿ ಅನಿಮೇಷನ್ ಸ್ಟುಡಿಯೋದ ಬ್ರೆಂಟ್ ಬರ್ಲಿ ಮತ್ತು ಡಿಲನ್ ಲೇಸ್‌ವೆಲ್ ಪಿಟೆಕ್ಸ್ ಎಂಬ ವಿಧಾನದಲ್ಲಿ ಜಾಲದ ಪ್ರತಿ ಮುಖಕ್ಕೂ ಅದರದ್ದೇ ಪುಟ್ಟ ಚಿತ್ರ ಕೊಟ್ಟು, ನೆರೆಯ ಮುಖಗಳು ಯಾವುವೆಂಬ ಮಾಹಿತಿಯನ್ನೂ ಜತೆಗಿಟ್ಟರು. ಬಿಚ್ಚುವ ಕೆಲಸವೇ ಇಲ್ಲ. ತುಂಡಿಗೊಂದು ಚಿತ್ರವೆಂಬ 1974ರ ದಾರಿಗೇ ಇದು ಮರಳಿದಂತಾಯಿತು. ಆಗ ಆ ಸ್ಟುಡಿಯೋದ ಅಧ್ಯಕ್ಷರೂ ಕ್ಯಾಟ್‌ಮಲ್ಲರೇ. ಸಿನಿಮಾಕ್ಕೆ ಒಗ್ಗಿದ ಈ ವಿಧಾನ ಆಟಗಳಿಗೆ ಒಗ್ಗಲಿಲ್ಲ. ಗ್ರಾಫಿಕ್ಸ್ ಕಾರ್ಡುಗಳು ಆಯತಾಕಾರದ ಚಿತ್ರಗಳಿಗೆಂದೇ ರೂಪುಗೊಂಡವು. ಸಾವಿರಾರು ಚಿಲ್ಲರೆ ತುಂಡುಗಳು ಅವಕ್ಕೆ ಹೊರೆ. ಹಾಗಾಗಿ ಆಟ ಕಟ್ಟುವವರು ಮಾದರಿಯನ್ನು ಈಗಲೂ ಕತ್ತರಿಸಿ, ಬಿಚ್ಚಿ, ತುಂಡುಗಳನ್ನು ಚೌಕದೊಳಗೆ ಹೊಂದಿಸುತ್ತಾರೆ.