ಯಡಹಳ್ಳಿ ಮಡ್ಡಿಯ ಗಾಲಿ ಜಾಡು

ನಮ್ಮದು ರಬಕವಿ, ಮಗ್ಗದ ಊರು. ನಮ್ಮಪ್ಪ ಸೀರೆ ಗಂಟು ಕಟ್ಟಿಕೊಂಡು ಬೀಳಗಿ ಕಡೆಯ ಹಳ್ಳಿಗಳಿಗೆ ವ್ಯಾಪಾರಕ್ಕೆ ಹೋಗುತ್ತಿದ್ದ. ಜಮಖಂಡಿವರೆಗೆ ಬಸ್ಸಿನ ತಲೆಯ ಮೇಲೆ ಸೈಕಲ್ಲು. ಅಲ್ಲಿಂದ ಮುಂದೆ ತುಳಿಯುವುದು. ಶಾಲೆಗೆ ಸೂಟಿ ಇದ್ದರೆ ಹಿಂದೆ ಗಂಟು, ಮುಂದಿನ ದಾಂಡಿನ ಮೇಲೆ ನಾನು.

ಯಡಹಳ್ಳಿ ಸಮೀಪದ ಮಡ್ಡಿಯಲ್ಲಿ ಆಗ ನಾವು ಹಿಡಿಯುತ್ತಿದ್ದದ್ದು ಚಕ್ಕಡಿ ದಾರಿ. ಎರಡು ಗಾಲಿಗೆ ಎರಡು ಗೆರೆ, ನಡುವೆ ಹುಲ್ಲಿನ ದಿಂಡು. ಒಂದು ಮುಂಜಾನೆ ಆ ದಿಂಡಿನ ಹುಲ್ಲು ಮೇಯುತ್ತಿದ್ದ ಪ್ರಾಣಿಯೊಂದು ತಲೆ ಎತ್ತಿತು. ಆಡಿನಷ್ಟೇ ಗಾತ್ರ, ಬೆಲ್ಲದ ಬಣ್ಣ, ಮುಖದ ಮೇಲೆ ಬಿಳಿ ಪಟ್ಟೆ. ಕಪ್ಪು ಬಾಲ ಪಟಪಟ ಆಡಿಸಿ, ಮುಂಗಾಲಿನಿಂದ ನೆಲ ಒದ್ದಿತು. ಅಪ್ಪ ಕಾಲು ಊರಿ, "ನಿಂದ್ರು, ಚಿಗರಿ ಐತಿ. ಅದು ಮೊದಲ ದಾಟ್ಲಿ" ಅಂದ. ದಾಟುವ ಅವಸರ ಅದಕ್ಕೂ ಇರಲಿಲ್ಲ, ನಮಗೂ ಇರಲಿಲ್ಲ.

ಅದು ಚಿಂಕಾರ ಎಂದು ತಿಳಿದದ್ದು ಎಷ್ಟೋ ವರ್ಷದ ಮೇಲೆ. ನಮ್ಮ ಕಡೆ ಕೃಷ್ಣಮೃಗವೂ ಚಿಗರಿ, ಇದೂ ಚಿಗರಿ. 1884ರಲ್ಲಿ ಸ್ಟರ್ನ್‌ಡೇಲ್ ಎಂಬ ಇಂಗ್ಲಿಷರವನು ಬರೆದ ಪ್ರಾಣಿಗಳ ಪುಸ್ತಕದಲ್ಲಿ ಇದಕ್ಕೆ ಕನ್ನಡದ ಬೇರೆ ಹೆಸರುಗಳೇ ಇವೆ: ತಿಸ್ಕ, ಬುದರಿ, ಮುದರಿ. ಒಂದೂ ನನ್ನ ಕಿವಿಗೆ ಬಿದ್ದದ್ದಿಲ್ಲ. ಪ್ರಾಣಿಗಿಂತ ಮೊದಲು ಹೆಸರು ಹೋಯಿತೇನೋ.

ಈ ಸೀಮೆಯನ್ನು ಸ್ವಾತಂತ್ರ್ಯಕ್ಕೆ ಮೊದಲು ಹಲವು ದೊರೆಗಳು ಹಂಚಿಕೊಂಡಿದ್ದರು. ರಬಕವಿ ಸಾಂಗಲಿಗೆ, ಮಗ್ಗುಲಿನ ಬನಹಟ್ಟಿ ಜಮಖಂಡಿಗೆ, ಮುಧೋಳ ಘೋರ್ಪಡೆಯವರಿಗೆ, ಬೀಳಗಿ ಬ್ರಿಟಿಷರಿಗೆ. ಮುಧೋಳದ ಅರಮನೆ ಸಾಕಿ ಹೆಸರು ಮಾಡಿದ ನಾಯಿ ಮೂಗಿಗಿಂತ ಕಣ್ಣನ್ನು ನೆಚ್ಚಿ ಓಡುವ ಜಾತಿ. ಅದಕ್ಕೆ ರಸ್ತೆ ಬೇಡ, ಬಯಲು ಬೇಕು. ಅದೂ ಬೇಟೆಯೇ, ನಾನು ಅದನ್ನು ಹೊಗಳುವುದಿಲ್ಲ. ಆದರೆ ಅಲ್ಲಿ ಕಾಲಿಗೆ ಕಾಲು ಪೈಪೋಟಿ. ನಾಯಿ ದಣಿದರೆ ಚಿಂಕಾರ ಬದುಕಿತು.

ಜೀಪು ದಣಿಯುವುದಿಲ್ಲ. ಎರಡನೆಯ ಮಹಾಯುದ್ಧಕ್ಕೆಂದು ಹುಟ್ಟಿದ ಈ ಬಂಡಿಯನ್ನು 1947ರಿಂದ ಮಹೀಂದ್ರಾದವರು ಮುಂಬಯಿಯಲ್ಲಿ ಜೋಡಿಸತೊಡಗಿದರು. ದಾರಿ ಇಲ್ಲದಲ್ಲೂ ಹೋಗುವ ಗಾಲಿ, ಮೇಲೆ ಕಣ್ಣು ಕುಕ್ಕುವ ದೀಪ, ಕೈಯಲ್ಲಿ ಬಂದೂಕು. ರಾತ್ರಿ ಬೆಳಕು ಬಿದ್ದೊಡನೆ ಹುಲ್ಲೆಯ ಕಣ್ಣು ಕೆಂಡದಂತೆ ಹೊಳೆಯುತ್ತದೆ, ಅದು ಕಲ್ಲಾಗಿ ನಿಲ್ಲುತ್ತದೆ. ಮಧ್ಯಭಾರತದ ಕೊರಿಯಾ ಸಂಸ್ಥಾನದ ರಾಜ 1947ರ ಸುಮಾರಿಗೆ ಮೂರು ಚೀತಾಗಳನ್ನು ಹೊಡೆದದ್ದೂ ರಾತ್ರಿ, ವಾಹನದಲ್ಲಿ ಹೋಗುತ್ತಿದ್ದಾಗಲೇ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಮೋಟಾರು ಗಾಡಿಯಿಂದ ಬೇಟೆ ಆಡಬಾರದು, ದೀಪ ಹಾಕಿ ಆಡಬಾರದು ಎಂದು ಬಿಡಿಸಿ ಬಿಡಿಸಿ ಹೇಳಿತು. ಊರಲ್ಲಿ ನಡೆಯದ ಕಳವಿಗೆ ಯಾರೂ ಡಂಗುರ ಸಾರುವುದಿಲ್ಲ.

ಆಮೇಲೆ ನೀರು ಬಂತು. ಆಲಮಟ್ಟಿ ಹಿನ್ನೀರಿಗೆ ಬೀಳಗಿ ತಾಲೂಕಿನ ಹಳ್ಳಿಗಳು ಮುಳುಗಿ, ಪುನರ್ವಸತಿ ಕೇಂದ್ರಗಳು ಎದ್ದವು. ಕೇಂದ್ರ ಎಂದ ಮೇಲೆ ರಸ್ತೆ ಬೇಕು, ರಸ್ತೆ ಎಂದ ಮೇಲೆ ಗರಸು ಬೇಕು, ಗರಸಿಗೆ ಗುಡ್ಡ ಅಗೆಯಬೇಕು. ಮನೆ ಮುಳುಗಿದವರನ್ನು ನಾನು ದೂರಲಾರೆ. ಕಬ್ಬಿನ ಹಂಗಾಮಿನಲ್ಲಿ ಜೋಡಿ ಡಬ್ಬಿ ಎಳೆದುಕೊಂಡು, ಕಿವಿ ಹರಿಯುವಂತೆ ಹಾಡು ಹಚ್ಚಿಕೊಂಡು ಹೋಗುವ ಟ್ರ್ಯಾಕ್ಟರ್ ಹುಡುಗರನ್ನೂ ಅಷ್ಟೇ. (ಹಾಡಿನ ಮಾತು ಬೇರೆ.)

2016ರಲ್ಲಿ ಸರ್ಕಾರ ಬೀಳಗಿ, ಮುಧೋಳ ತಾಲೂಕುಗಳ ಸುಮಾರು 96 ಚದರ ಕಿಲೋಮೀಟರ್ ಕುರುಚಲು ಕಾಡನ್ನು ಯಡಹಳ್ಳಿ ಚಿಂಕಾರ ವನ್ಯಜೀವಿಧಾಮ ಎಂದು ಘೋಷಿಸಿತು. ಚಿಂಕಾರದ ಜೊತೆ ತೋಳ, ಕತ್ತೆಕಿರುಬಗಳಿಗೂ ಅದೇ ನೆಲೆ. ಈಗ ಅಲ್ಲಿ ನನಗಿರುವ ಅಂಜಿಕೆ ಬಂದೂಕಿನದಲ್ಲ, ಮೋಜಿನ ಗಾಲಿಯದು. ರವಿವಾರ ಬಂತೆಂದರೆ ಬೈಕು ತಂದು ಡಾಂಬರಿನಿಂದ ಕೆಳಗಿಳಿಸಿ, ಮಡ್ಡಿ ಹತ್ತಿಸಿ, ರೀಲ್ಸ್ ಮಾಡುವವರು. ಅವರ ಕಣ್ಣಿಗೆ ಅದು ಖಾಲಿ ಬಯಲು.

ಹೋದ ಮಳೆಗಾಲ ರಸ್ತೆಯ ಅಂಚಿನಲ್ಲಿ ಅಂಥದೊಂದು ಜಾಡನ್ನು ಕುಕ್ಕರಗಾಲಲ್ಲಿ ಕುಳಿತು ನೋಡಿದೆ. ಅಕ್ಕಪಕ್ಕದ ಗರಸು ನೀರು ಕುಡಿದು ತಣ್ಣಗಿತ್ತು. ಟೈರು ತುಳಿದಲ್ಲಿ ನೆಲ ಗಚ್ಚಿನಂತೆ ಬಿಗಿದು ನೀರು ಮೇಲೆಯೇ ನಿಂತಿತ್ತು, ಹುಲ್ಲಿನ ಒಂದು ಎಳೆಯೂ ಇರಲಿಲ್ಲ. ಇಳಿಜಾರಿನಲ್ಲಿ ಅದೇ ಜಾಡು ಮಳೆನೀರಿಗೆ ಕಾಲುವೆಯಾಗಿ ಮೊಣಕಾಲುದ್ದ ಕೊರೆದಿತ್ತು. ಕೊರಕಲಲ್ಲಿ ಬೈಕು ಹೋಗದು. ಸವಾರ ಮಗ್ಗುಲಿಗೆ ಹೊಸ ಜಾಡು ಹಾಕಿದ್ದ. ಅದೂ ಕೊರೆದ ಮೇಲೆ ಮೂರನೆಯದು. ಹಾಸಿನಲ್ಲಿ ಒಂದು ಎಳೆ ಕಡಿದಾಗ ಕಟ್ಟದೆ ಬಿಟ್ಟರೆ ಪಕ್ಕದವೂ ಹೇಗೆ ಹೋಗುತ್ತವೆಂದು ನೇಕಾರರಿಗೆ ಹೇಳಬೇಕಿಲ್ಲ. ಹುಲ್ಲು ಹೋದ ತೆರವಿಗೆ ಬಳ್ಳಾರಿ ಜಾಲಿ ಬರುತ್ತದೆ. ಟಿಟ್ಟಿಭ ಗೂಡು ಕಟ್ಟದೆ ಗರಸಿನ ಮೇಲೆಯೇ ಮೊಟ್ಟೆ ಇಡುವ ಹಕ್ಕಿ. ಚಿಂಕಾರ ತನ್ನ ಎಳೆ ಮರಿಯನ್ನು ಹುಲ್ಲಿನಲ್ಲಿ ಅಡಗಿಸಿ ಮೇಯಲು ಹೋಗುತ್ತದೆ, ಮರಿ ಮಿಸುಕದೆ ಮಲಗಿರುತ್ತದೆ. ಓಡಿಹೋಗಿ ಬದುಕುವ ವಿದ್ಯೆ ಅದಕ್ಕಿನ್ನೂ ಬಂದಿರುವುದಿಲ್ಲ.

ರಸ್ತೆಗೆ ಕಡಿವಾಣ ಹಾಕಿದ ನಿದರ್ಶನ ನಮ್ಮ ರಾಜ್ಯದಲ್ಲೇ ಇದೆ. ಬಂಡೀಪುರದ ಹೆದ್ದಾರಿಗಳಲ್ಲಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಸಂಚಾರ ನಿಲ್ಲಿಸಿದ್ದು 2009ರಲ್ಲಿ. ಮರುವರ್ಷ ಹೈಕೋರ್ಟು ಎತ್ತಿಹಿಡಿಯಿತು. ಅಲ್ಲಿ ಆನೆ, ಹುಲಿ ಇವೆ, ದೇಶವೇ ಮಾತಾಡಿತು. ಇಪ್ಪತ್ತು ಕಿಲೋ ತೂಗುವ ನಮ್ಮ ಚಿಗರಿಗೆ ಅಷ್ಟು ದೊಡ್ಡ ದನಿ ಇಲ್ಲ.

ಕಾಯ್ದೆ ಮಾತ್ರ ಎರಡೂ ಕಡೆ ಒಂದೇ. ವನ್ಯಜೀವಿಧಾಮದ ಮೂಲಕ ಹೋಗುವ ಸಾರ್ವಜನಿಕ ದಾರಿಯಲ್ಲಿ ಯಾರೂ ಸಾಗಬಹುದು; ದಾರಿ ಬಿಟ್ಟು ಒಳಗೆ ಇಳಿಯಲು ಅರಣ್ಯ ಇಲಾಖೆಯ ಪರವಾನಿಗೆ ಬೇಕು. ಬೀಳಗಿ ಕಡೆ ಹೊರಟವರೇ, ಗಾಡಿ ಡಾಂಬರಿನ ಮೇಲೇ ಇರಲಿ. ಎದುರಿಗೆ ಕಪ್ಪು ಬಾಲ ಆಡಿಸುತ್ತ ಯಾವುದಾದರೂ ನಿಂತಿದ್ದರೆ ಎಂಜಿನ್ ಬಂದ್ ಮಾಡಿ ಕಾಲು ಊರಿ ನಿಲ್ಲಿರಿ. ಅದು ಮೊದಲು ದಾಟಲಿ.